ಸೋರುವ ಬಂಡಿಮನೆ

ತನ್ನ ಮನೆಯನ್ನು ತಾನೇ ಹೊತ್ತು ತಿರುಗುವ ಪ್ರಾಣಿಯೆಂದರೆ ಬಸವನಹುಳು. ಅದರ ಚಿಪ್ಪು ಒಂದೇ ಅಚ್ಚಿನ ಅಖಂಡ ವಸ್ತು. ಅದರಲ್ಲಿ ಮೊಳೆಯಿಲ್ಲ, ಜೋಡಣೆಯಿಲ್ಲ. ಆದಕಾರಣ ಎಂತಹ ಮಳೆ ಸುರಿದರೂ ಅದು ಸೋರುವುದಿಲ್ಲ. ಮನುಷ್ಯನು ಕಟ್ಟಿಕೊಂಡ ಚಲಿಸುವ ಮನೆಗೆ ಆ ಭಾಗ್ಯವಿಲ್ಲ. ತಗಡಿಗೆ ತಗಡನ್ನು ಸೇರಿಸಿ, ನೂರಾರು ಮೊಳೆಗಳನ್ನು ಬಿಗಿದು, ಕಿಟಕಿ ಬಾಗಿಲುಗಳಿಗಾಗಿ ಗೋಡೆಯನ್ನು ಕತ್ತರಿಸಿ ಕಟ್ಟಿದ ಆ ಮನೆಯ ತುಂಬ ಸಂದುಗಳೇ. ಸಂದು ಇರುವಲ್ಲಿ ನೀರು ಇಂದಲ್ಲ ನಾಳೆ ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ.

ಮೋಟಾರು ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಇಂತಹ ಬಂಡಿಮನೆಗೆ ಅಮೆರಿಕದಲ್ಲಿ ‘ಟ್ರಾವೆಲ್ ಟ್ರೇಲರ್’ ಎಂದು ಹೆಸರು. ಮೊದಲನೆಯ ಮಹಾಯುದ್ಧ ಮುಗಿದ ಹೊಸದರಲ್ಲಿಯೇ ಅಲ್ಲಿ ಈ ಬಗೆಯ ಪ್ರವಾಸದ ಹವ್ಯಾಸ ಹಬ್ಬಿತು. ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ೧೯೧೯ರಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಪ್ರವಾಸಿಗರ ಸಂಘವೇ ಹುಟ್ಟಿಕೊಂಡಿತು. ೧೯೩೪ರಲ್ಲಿ ಗ್ಲೈಡರುಗಳ ನಿರ್ಮಾಪಕನಾದ ಹಾಲೆ ಬೌಲಸ್ ಎಂಬಾತನು ವಿಮಾನದ ಒಡಲನ್ನು ಕಟ್ಟುವ ರೀತಿಯಲ್ಲಿಯೇ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ಟುಗಳಿಂದ ಬಂಧಿಸಿ ‘ರೋಡ್ ಚೀಫ್’ ಎಂಬ ಬಂಡಿಯನ್ನು ಮಾಡಿದನು. ೧೯೩೬ರಲ್ಲಿ ವಾಲಿ ಬೈಯಮ್ ಅದೇ ಮಾರ್ಗದಲ್ಲಿ ‘ಏರ್‌ಸ್ಟ್ರೀಮ್ ಕ್ಲಿಪರ್’ ಬಂಡಿಯನ್ನು ಹೊರತಂದನು. ಎರಡನೆಯ ಮಹಾಯುದ್ಧದ ಅನಂತರ ‘ಶಾಸ್ತ’ ಮೊದಲಾದ ಹೆಸರುಗಳಲ್ಲಿ ಇನ್ನೊಂದು ಅಗ್ಗದ ಬಗೆಯೂ ಪ್ರಚಾರಕ್ಕೆ ಬಂದಿತು. ತೆಳುವಾದ ಮರದ ಪಟ್ಟಿಗಳ ಚೌಕಟ್ಟು, ಒಳಗಡೆ ಪ್ಲೈವುಡ್ಡಿನ ಹೊದಿಕೆ, ಹೊರಗಡೆ ಅಲ್ಯೂಮಿನಿಯಂ ತಗಡು—ಇದು ಅದರ ರಚನೆ. ಪಕ್ಕದಿಂದ ನೋಡಿದರೆ ಮಾಂಸವನ್ನು ತುಂಬಿಡುವ ತಗಡಿನ ಡಬ್ಬಿಯಂತೆ ಕಾಣುತ್ತಿದ್ದುದರಿಂದ ಜನರು ಅದಕ್ಕೆ ಆ ಡಬ್ಬಿಯ ಹೆಸರನ್ನೇ ಇಟ್ಟರು.

ಅರುವತ್ತು ಎಪ್ಪತ್ತು ವರ್ಷ ಹಳೆಯದಾದ ಇಂತಹ ಬಂಡಿಗಳನ್ನು ಕೊಂಡು, ಮೊದಲಿನ ಸ್ಥಿತಿಗೆ ತಂದು, ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳು ಇಂದು ಅಲ್ಲಿ ಬಹುಮಂದಿ ಇದ್ದಾರೆ. ಬಣ್ಣ, ಹೊಳಪು, ಹೊಸ ಪರದೆಗಳು ಇವೆಲ್ಲ ಸುಲಭದ ಕೆಲಸಗಳು. ಕಷ್ಟವಾದದ್ದು ಮಳೆಯ ನೀರನ್ನು ಹೊರಗಿಡುವುದು. ಇದನ್ನು ಕೇವಲ ಕೈಕೆಲಸವೆಂದು ಭಾವಿಸಬಾರದು. ತರಗತಿಯಲ್ಲಿ ನಾವು ಓದುವ ಮೇಲ್ಮೈ ಎಳೆತ, ವಾಯುವಿನ ಒತ್ತಡ, ಉಷ್ಣದಿಂದಾಗುವ ಹಿಗ್ಗುವಿಕೆ, ಆವಿಯ ಸಾಂದ್ರೀಕರಣ ಇವೆಲ್ಲವೂ ಒಂದು ಚಿಕ್ಕ ಬಂಡಿಯ ಗೋಡೆಯಲ್ಲಿ ಒಟ್ಟಿಗೆ ಕೆಲಸಮಾಡುತ್ತಿರುತ್ತವೆ.

ತೊಟ್ಟಿಕ್ಕದ ಸೋರಿಕೆ

ಸೋರಿಕೆಯೆಂದೊಡನೆ ಛಾವಣಿಯಿಂದ ತೊಟ್ಟಿಕ್ಕುವ ಹನಿ ನಮ್ಮ ಕಣ್ಣಮುಂದೆ ಬರುತ್ತದೆ. ವಾಸ್ತವವಾಗಿ ಅದು ಅಷ್ಟು ಅಪಾಯಕರವಾದುದಲ್ಲ. ಕಣ್ಣಿಗೆ ಬಿದ್ದ ಸೋರಿಕೆಯನ್ನು ಯಾರಾದರೂ ಸರಿಪಡಿಸುತ್ತಾರೆ. ಒಂದು ಹನಿಯೂ ಕೆಳಗೆ ಬೀಳದೆ, ಹೊರತಗಡಿಗೂ ಒಳಹಲಗೆಗೂ ನಡುವೆ ಅಡಗಿಕೊಂಡು ಮರವನ್ನು ತೇವವಾಗಿಯೇ ಇರಿಸುವ ಸೋರಿಕೆಯೇ ಬಂಡಿಯ ನಿಜವಾದ ಶತ್ರು.

ಒಣಗಿದ ಮರವು ಬಹುಕಾಲ ಬಾಳುತ್ತದೆ. ಒಣಮರದ ತೂಕದ ಶೇಕಡ ೨೦ಕ್ಕಿಂತ ಕಡಿಮೆ ತೇವವಿರುವ ಮರದಲ್ಲಿ ಕೊಳೆಯುಂಟುಮಾಡುವ ಬೂಷ್ಟುಗಳು ಬೆಳೆಯಲಾರವು. ತೇವವು ಶೇಕಡ ೩೦ರ ಸುಮಾರಿಗೆ ಏರಿದಾಗ ಮರದ ಜೀವಕಣಗಳ ಭಿತ್ತಿಗಳು ನೀರಿನಿಂದ ತುಂಬಿಹೋಗುತ್ತವೆ. ಆಗ ಬೂಷ್ಟು ನಿರಾತಂಕವಾಗಿ ಬೆಳೆದು, ಮರಕ್ಕೆ ಬಲ ಕೊಡುವ ಸೆಲ್ಯುಲೋಸನ್ನು ತಿನ್ನತೊಡಗುತ್ತದೆ. ಹೊರಗಿನ ತಗಡು ಮಾತ್ರ ಎಂದಿನಂತೆ ಥಳಥಳಿಸುತ್ತಿರುತ್ತದೆ. ಹೀಗೆ ಗೋಡೆಯು ನೋಡಲು ಗಟ್ಟಿಯಾಗಿದ್ದು, ತಿರುಪುಮೊಳೆಯನ್ನು ಬೆರಳಿನಿಂದಲೇ ಕಿತ್ತು ತೆಗೆಯುವಷ್ಟು ಒಳಗೆ ಪೊಳ್ಳಾಗಬಹುದು.

ಇದರಿಂದಾಗುವ ಹಾನಿ ಬರಿಯ ಅಂದಕ್ಕೆ ಸಂಬಂಧಿಸಿದುದಲ್ಲ. ಯುದ್ಧಾನಂತರದ ಏರ್‌ಸ್ಟ್ರೀಮ್ ಬಂಡಿಗಳಲ್ಲಿ ಅಲ್ಯೂಮಿನಿಯಂ ಒಡಲನ್ನು ಉಕ್ಕಿನ ಅಡಿಗಟ್ಟಿಗೆ ಸೇರಿಸುವ ಬೋಲ್ಟುಗಳು ಪ್ಲೈವುಡ್ಡಿನ ನೆಲದ ಅಂಚಿನ ಮೂಲಕವೇ ಹಾದುಹೋಗುತ್ತವೆ. ಗೋಡೆಯೊಳಗೆ ಇಳಿದ ನೀರೆಲ್ಲ ಕೊನೆಗೆ ಬಂದು ನಿಲ್ಲುವುದೂ ಆ ಅಂಚಿನಲ್ಲಿಯೇ. ಅಂಚು ಕೊಳೆತರೆ ಬೋಲ್ಟಿಗೆ ಹಿಡಿತ ತಪ್ಪುತ್ತದೆ. ಒಡಲು ಒಂದು ಕಡೆ, ಅಡಿಗಟ್ಟು ಒಂದು ಕಡೆ ಅಲುಗಾಡತೊಡಗುತ್ತವೆ. ಅಲ್ಲದೆ ಒದ್ದೆಯಾದ ಅಲ್ಯೂಮಿನಿಯಮ್ಮೂ ಉಕ್ಕೂ ಪರಸ್ಪರ ತಾಗಿರುವಲ್ಲಿ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಸವೆಯುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ ೯೦ ಕಿಲೋಮೀಟರ್ ವೇಗದಲ್ಲಿ ಓಡುವ ಬಂಡಿಗೆ ಇಂತಹ ಸ್ಥಿತಿ ಬಂದರೆ ಅದು ಪ್ರಾಣಾಪಾಯದ ಮಾತೇ ಸರಿ.

ನೀರು ಒಳಹೋಗುವುದು ಹೇಗೆ?

ನೀರು ಒಳಹೋಗಲು ಮೂರು ಸಂಗತಿಗಳು ಕೂಡಿಬರಬೇಕು: ಹೊರಮೈಮೇಲೆ ನೀರಿರಬೇಕು, ದಾರಿಯಿರಬೇಕು, ಆ ದಾರಿಯಲ್ಲಿ ನೀರನ್ನು ನಡೆಸುವ ಒಂದು ಶಕ್ತಿಯಿರಬೇಕು. ಈ ಮೂರರಲ್ಲಿ ಯಾವುದೊಂದನ್ನು ತಪ್ಪಿಸಿದರೂ ಸೋರಿಕೆ ನಿಲ್ಲುತ್ತದೆ.

ಶಕ್ತಿಗಳಲ್ಲಿ ಮೊದಲನೆಯದು ಗುರುತ್ವಾಕರ್ಷಣೆ. ಅದನ್ನು ಎದುರಿಸುವ ವಿಧಾನವನ್ನು ನಮ್ಮ ಮಂಗಳೂರು ಹೆಂಚಿನ ಮಾಡಿನಲ್ಲಿ ಎಲ್ಲರೂ ಕಂಡಿದ್ದಾರೆ. ಹೆಂಚುಗಳ ನಡುವೆ ಯಾವ ಅಂಟೂ ಇರುವುದಿಲ್ಲ. ಆದರೂ ಮೇಲಿನ ಹೆಂಚಿನ ತುದಿಯು ಕೆಳಗಿನದರ ಮೇಲೆ ಹಾದುಬರುವುದರಿಂದ, ಇಳಿಜಾರಿನಲ್ಲಿ ಹರಿಯುವ ನೀರು ಸಂದಿನೊಳಕ್ಕೆ ಹೊಗದೆ ಮುಂದೆ ಸಾಗುತ್ತದೆ. ಬಂಡಿಯ ತಗಡುಗಳನ್ನೂ ಹೀಗೆಯೇ, ಮೇಲಿನದು ಕೆಳಗಿನದನ್ನು ಮುಚ್ಚುವಂತೆ ಜೋಡಿಸಬೇಕು.

ಎರಡನೆಯದು ಇದಕ್ಕಿಂತ ಕುಟಿಲವಾದ ಶಕ್ತಿ. ಎರಡು ಗಾಜಿನ ಚೂರುಗಳನ್ನು ಒಂದರ ಮೇಲೊಂದಿರಿಸಿ, ನಡುವೆ ಒಂದು ಅಂಚಿನಲ್ಲಿ ತೆಳುವಾದ ಕಾಗದವನ್ನು ಸಿಕ್ಕಿಸಿ, ಅವುಗಳ ತುದಿಯನ್ನು ಬಣ್ಣದ ನೀರಿನಲ್ಲಿ ಅದ್ದಿರಿ. ಗುರುತ್ವವನ್ನು ಧಿಕ್ಕರಿಸಿ ನೀರು ಮೇಲಕ್ಕೇರುವುದು ಕಾಣುತ್ತದೆ. ಸಂದು ಕಿರಿದಾದಷ್ಟೂ ಏರಿಕೆ ಹೆಚ್ಚು. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಕೇಶಾಕರ್ಷಣೆಯ ಕ್ರಿಯೆಯಿಂದ. ನೀರು ಚೆನ್ನಾಗಿ ಒದ್ದೆಮಾಡುವ ಎರಡು ಫಲಕಗಳ ನಡುವಣ ಅಂತರ ೧ ಮಿಲಿಮೀಟರ್ ಇದ್ದರೆ ನೀರು ಸುಮಾರು ೧೫ ಮಿಲಿಮೀಟರ್ ಏರುತ್ತದೆ. ಅಂತರ ಅದರ ಹತ್ತನೆಯ ಒಂದು ಭಾಗವಾದರೆ ಸುಮಾರು ೧೫ ಸೆಂಟಿಮೀಟರ್ ಏರುತ್ತದೆ. ಒಂದರ ಮೇಲೊಂದು ಬಿಗಿಯಾಗಿ ಕುಳಿತ ಎರಡು ತಗಡುಗಳ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಸಾಕು, ನೀರು ಮೇಲ್ಮುಖವಾಗಿ ಹತ್ತಿ ಒಳಭಾಗವನ್ನು ಮುಟ್ಟಬಲ್ಲದು.

ಇಲ್ಲಿ ಸೂಕ್ಷ್ಮವಾದ ಒಂದಂಶವನ್ನು ಗಮನಿಸಬೇಕು. ಕೇಶಾಕರ್ಷಣೆಯು ನೀರನ್ನು ಸಂದಿನೊಳಕ್ಕೆ ಎಳೆದುಕೊಂಡು ಅಲ್ಲಿಯೇ ಹಿಡಿದಿಡುತ್ತದೆ. ಇನ್ನೊಂದು ತುದಿಯಿಂದ ಹೊರಗೆ ಸುರಿಸುವುದಿಲ್ಲ. ಬತ್ತಿಯ ತುದಿಯಿಂದ ಎಣ್ಣೆ ತಾನಾಗಿ ಚಿಮ್ಮುವುದುಂಟೆ? ಆದರೆ ಆ ತುದಿಗೆ ಮರದ ಪಟ್ಟಿ ತಾಗಿದ್ದರೆ, ಮರದ ನಾಳಗಳು ಇನ್ನೂ ಕಿರಿದಾದ ಬತ್ತಿಗಳಂತೆ ಆ ನೀರನ್ನು ಕುಡಿಯುತ್ತವೆ. ಒಳಗೆ ಒಂದು ಹನಿಯೂ ಬೀಳದಿದ್ದರೂ ಮರ ಕೊಳೆಯುವುದರ ರಹಸ್ಯ ಇದೇ.

ಮೂರನೆಯದು ಗಾಳಿಯ ಒತ್ತಡ. ಚಲಿಸುವ ಗಾಳಿಯನ್ನು ತಡೆದು ನಿಲ್ಲಿಸಿದಾಗ ಉಂಟಾಗುವ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ ೯೦ ಕಿಲೋಮೀಟರ್ ವೇಗದಲ್ಲಿ, ಎದುರುಗಾಳಿಗೆ ನೇರವಾಗಿ ಒಡ್ಡಿದ ಭಾಗದ ಮೇಲೆ ಅದು ಸುಮಾರು ೩೮ ಮಿಲಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮನಾಗುತ್ತದೆ. ನಿಂತಲ್ಲಿ ಎಷ್ಟು ಮಳೆ ಬಂದರೂ ಸೋರದ ಮುಂದಿನ ಕಿಟಕಿಯು, ಮಳೆಯಲ್ಲಿ ಒಂದು ಗಂಟೆ ಪ್ರಯಾಣ ಮಾಡಿದೊಡನೆ ಸೋರುವುದು ಇದರಿಂದಲೇ. ಸಂದಿನಲ್ಲಿ ಕೇಶಾಕರ್ಷಣೆಯು ಹಿಡಿದಿಟ್ಟ ನೀರನ್ನು ಗಾಳಿಯು ಒಳಕ್ಕೆ ದೂಡಿಬಿಡುತ್ತದೆ.

ಮಿಸುಕುವ ಸಂದುಗಳು

ಹಾಗಾದರೆ ಎಲ್ಲ ಸಂದುಗಳನ್ನೂ ಯಾವುದಾದರೊಂದು ಗಟ್ಟಿಯಾದ ಪದಾರ್ಥದಿಂದ ಮುಚ್ಚಿಬಿಟ್ಟರಾಯಿತಲ್ಲವೆ? ಆಗದು. ಏಕೆಂದರೆ ಸಂದುಗಳು ಸುಮ್ಮನಿರುವುದಿಲ್ಲ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯು ಉಷ್ಣತೆ ಒಂದು ಸೆಂಟಿಗ್ರೇಡ್ ಡಿಗ್ರಿ ಏರಿದರೆ ಮಿಲಿಮೀಟರಿನ ಸಾವಿರದಲ್ಲಿ ೨೩ ಭಾಗದಷ್ಟು ಹಿಗ್ಗುತ್ತದೆ. ಚಳಿಗಾಲದ ರಾತ್ರಿಗೂ ಬೇಸಗೆಯ ಬಿಸಿಲಿಗೂ ತಗಡಿನ ಉಷ್ಣತೆಯಲ್ಲಿ ೫೦ ಡಿಗ್ರಿ ವ್ಯತ್ಯಾಸವಾಗುತ್ತದೆ ಎಂದಿಟ್ಟುಕೊಂಡರೆ, ೬ ಮೀಟರ್ ಉದ್ದದ ತಗಡು ಸುಮಾರು ೭ ಮಿಲಿಮೀಟರ್ ಬೆಳೆಯಬೇಕು. ಅಷ್ಟೇ ಉದ್ದದ ಉಕ್ಕು ಬೆಳೆಯುವುದು ಅದರ ಅರ್ಧದಷ್ಟು ಮಾತ್ರ. ಮರವು ತನ್ನ ಎಳೆಯ ದಿಕ್ಕಿನಲ್ಲಿ ಇನ್ನೂ ಕಡಿಮೆ. ಈ ವಿಷಮತೆಯನ್ನು ಪ್ರತಿದಿನವೂ ಸಹಿಸಬೇಕಾದವು ಮೊಳೆಗಳು ಮತ್ತು ಸಂದುಗಳು. ಇದರ ಜೊತೆಗೆ ರಸ್ತೆಯ ಕುಲುಕಾಟವೂ ಇದೆ.

ಈಗ ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ಒಂದು ಸಂದು ೦.೨ ಮಿಲಿಮೀಟರ್ ಅಗಲವಿದೆ. ಅದರಲ್ಲಿ ಮೇಣದಂತಹ ಪದಾರ್ಥವನ್ನು ತುಂಬಿದೆ. ತಗಡು ಕುಗ್ಗಿ ಸಂದು ಮತ್ತೂ ೦.೨ ಮಿಲಿಮೀಟರ್ ತೆರೆದರೆ, ಆ ಪದಾರ್ಥವು ತನ್ನ ಅಗಲದ ಎರಡರಷ್ಟಕ್ಕೆ ಎಳೆಯಲ್ಪಡುತ್ತದೆ, ಬಹುಶಃ ಹರಿದೇಹೋಗುತ್ತದೆ. ಅದೇ ಸಂದು ಮೊದಲೇ ೨ ಮಿಲಿಮೀಟರ್ ಅಗಲವಾಗಿದ್ದು ಅಷ್ಟೇ ತೆರೆದರೆ ಎಳೆತವು ಶೇಕಡ ೧೦ ಮಾತ್ರ. ಆದುದರಿಂದ ಸಂದು ತುಂಬುವ ಪದಾರ್ಥಕ್ಕೆ ಒಂದಿಷ್ಟು ದಪ್ಪವೂ ಹಿಗ್ಗುವ ಗುಣವೂ ಇರಲೇಬೇಕು. ಬಿರುಕಿನ ಮೇಲೆ ತೆಳುವಾಗಿ ಸವರಿದ ಲೇಪವು ಒಂದೆರಡು ಋತುಗಳಲ್ಲಿ ಬಿರಿಯುವುದು ಅದರ ದೋಷವಲ್ಲ. ಅದನ್ನು ಹಚ್ಚಿದ ಕ್ರಮದ ದೋಷ.

ಸಂದು ತುಂಬುವ ಪದಾರ್ಥಗಳು

ಹಳೆಯ ಬಂಡಿಗಳನ್ನು ಕಟ್ಟಿದಾಗ ಎಣ್ಣೆಯಲ್ಲಿ ಕಲಸಿದ ಪುಟ್ಟಿಯನ್ನು ಬಳಸುತ್ತಿದ್ದರು. ಅಗಸೆ ಎಣ್ಣೆಯಂತಹ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸಂಯೋಗಗೊಂಡು ಮೊದಲು ಗಟ್ಟಿಯಾಗುತ್ತವೆ, ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕುಬಿಡುತ್ತವೆ. ಆದಕಾರಣ ಅರುವತ್ತು ವರ್ಷಗಳ ಹಿಂದಿನ ಪುಟ್ಟಿಯನ್ನು ನಂಬುವಂತಿಲ್ಲ.

ಇಂದು ಅದರ ಸ್ಥಾನದಲ್ಲಿ ಬ್ಯೂಟೈಲ್ ರಬ್ಬರಿನ ಪಟ್ಟಿಯನ್ನು ಬಳಸುತ್ತಾರೆ. ೧೯೩೭ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯಲ್ಲಿ ಸ್ಪಾರ್ಕ್ಸ್ ಮತ್ತು ಥಾಮಸ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ರಬ್ಬರು ಗಾಳಿಯನ್ನಾಗಲಿ ನೀರಾವಿಯನ್ನಾಗಲಿ ಸುಲಭವಾಗಿ ಹಾಯಗೊಡುವುದಿಲ್ಲ. ಚಕ್ರದ ಒಳ ಟ್ಯೂಬುಗಳಿಗೆ ಅದನ್ನು ಉಪಯೋಗಿಸುವುದೂ ಈ ಗುಣಕ್ಕಾಗಿಯೇ. ಬ್ಯೂಟೈಲ್ ಪಟ್ಟಿಯು ಗಟ್ಟಿಕಟ್ಟದೆ ಬಹುಕಾಲ ಅಂಟಂಟಾಗಿಯೇ ಉಳಿಯುವುದರಿಂದ ತಗಡು ಮಿಸುಕಿದಂತೆ ತಾನೂ ಮಿಸುಕುತ್ತದೆ. ಆದರೆ ಎರಡು ಭಾಗಗಳ ನಡುವೆ ಒತ್ತಿ ಹಿಡಿದಿರುವ ಕಡೆಗೆ ಮಾತ್ರ ಇದು ಯೋಗ್ಯವಾದುದು.

ತೆರೆದ ಸಂದುಗಳಿಗೆ ಪಾಲಿಯುರೆಥೇನ್ ಸೀಲೆಂಟುಗಳು ಬಳಕೆಯಲ್ಲಿವೆ. ಕೊಳವೆಯಿಂದ ಹಿಂಡಿದ ಮೇಲೆ ಗಾಳಿಯ ತೇವವನ್ನೇ ಹೀರಿಕೊಂಡು ಇವು ರಬ್ಬರಿನಂತೆ ಗಟ್ಟಿಯಾಗುತ್ತವೆ. ಲೋಹಕ್ಕೆ ಬಲವಾಗಿ ಕಚ್ಚಿಕೊಳ್ಳುತ್ತವೆ. ಮುಂದೆ ಬಿಚ್ಚಬೇಕಾಗಿ ಬರುವ ಭಾಗಕ್ಕೆ ಇವುಗಳನ್ನು ಹಾಕಿದರೆ ಅಷ್ಟೇ ತೊಂದರೆ. ಸಿಲಿಕೋನ್ ಸೀಲೆಂಟು ಅಗ್ಗವಾಗಿಯೂ ಸುಲಭವಾಗಿಯೂ ದೊರೆಯುವುದಾದರೂ ಬಂಡಿಯ ಹೊರಮೈಗೆ ಅದನ್ನು ಅನುಭವಿಗಳು ಒಪ್ಪುವುದಿಲ್ಲ. ಅದರ ಮೇಲೆ ಬಣ್ಣವಾಗಲಿ ಬೇರೆ ಸೀಲೆಂಟಾಗಲಿ ಹಿಡಿಯುವುದಿಲ್ಲ. ಒಮ್ಮೆ ಹಚ್ಚಿದ ಜಾಗದಲ್ಲಿ ಮುಂದಿನ ದುರಸ್ತಿಯೇ ಕಷ್ಟವಾಗುತ್ತದೆ. ಹುಳಿವಾಸನೆ ಬೀರುವ ಬಗೆಯ ಸಿಲಿಕೋನಿನಿಂದ ಹೊರಡುವ ಅಸಿಟಿಕ್ ಆಮ್ಲವು ಲೋಹವನ್ನೂ ಕೆಡಿಸಬಹುದು.

ಕೆಲಸದ ಕ್ರಮ

ಪದಾರ್ಥ ಎಷ್ಟೇ ಒಳ್ಳೆಯದಾದರೂ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಮೊದಲ ಹೆಜ್ಜೆ ಮುಚ್ಚುವುದಲ್ಲ, ಬಿಚ್ಚುವುದು. ಮೂಲೆಯ ಪಟ್ಟಿಗಳು, ಕಿಟಕಿಗಳು, ಛಾವಣಿಯ ಗಾಳಿಗಂಡಿ, ದೀಪಗಳು ಇವುಗಳನ್ನು ಕಳಚಿ, ಒಳಗಿನ ಮರವನ್ನು ಮೊನಚಾದ ಸಲಕರಣೆಯಿಂದ ಚುಚ್ಚಿ ಪರೀಕ್ಷಿಸಬೇಕು. ಮೆತ್ತಗಾದ ಭಾಗವನ್ನು ಗಟ್ಟಿಮರ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸದನ್ನು ಸೇರಿಸಬೇಕು. ಉಳಿದದ್ದು ಪೂರ್ತಿಯಾಗಿ ಒಣಗುವವರೆಗೆ ಕಾಯಬೇಕು. ಒದ್ದೆ ಮರದ ಮೇಲೆ ತಗಡನ್ನು ಮುಚ್ಚಿ ಹೊರಗಿನಿಂದ ಭದ್ರವಾಗಿ ಲೇಪಿಸುವುದು ಬೂಷ್ಟಿಗೆ ಮನೆಮಾಡಿಕೊಟ್ಟಂತೆ. ಅವಸರದಲ್ಲಿ ಹೊರಗಿನಿಂದಲೇ ಲೇಪ ಬಳಿದ ಬಂಡಿಗಳು ಬಹುವೇಳೆ ಲೇಪವಿಲ್ಲದವುಗಳಿಗಿಂತ ಬೇಗನೆ ಕೊಳೆಯುವುದುಂಟು. ಕೂದಲೆಳೆಯ ಬಿರುಕಿನಲ್ಲಿ ನೀರು ಒಳಹೋಗುತ್ತಲೇ ಇರುತ್ತದೆ, ಆವಿಯಾಗಿ ಹೊರಬರುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ.

ಎರಡನೆಯ ಹೆಜ್ಜೆ ಶುದ್ಧಿ. ಹಳೆಯ ಪುಟ್ಟಿಯನ್ನು ತಗಡಿಗೆ ಗಾಯವಾಗದಂತೆ ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಉಪಕರಣದಿಂದ ಕೆರೆದು, ತಕ್ಕ ದ್ರಾವಕದಿಂದ ಒರೆಸಬೇಕು. ಅಂಟು ಹಿಡಿಯುವುದು ತನ್ನ ಎದುರಿಗಿರುವ ಮೇಲ್ಮೈಗೆ. ಆ ಮೇಲ್ಮೈ ಧೂಳಾಗಿದ್ದರೆ ಅಂಟು ಧೂಳಿಗೆ ಹಿಡಿಯುತ್ತದೆ, ತಗಡಿಗಲ್ಲ.

ಮೂರನೆಯದು ಜೋಡಣೆ. ಮೂಲೆಯ ಪಟ್ಟಿಯ ಹಿಂಬದಿಗೆ ಬ್ಯೂಟೈಲ್ ಪಟ್ಟಿಯನ್ನು ಎಲ್ಲಿಯೂ ತುಂಡಾಗದಂತೆ ಅಂಟಿಸಿ, ಅದನ್ನು ಸ್ವಸ್ಥಾನದಲ್ಲಿರಿಸಿ, ತಿರುಪುಮೊಳೆಗಳನ್ನು ಒಮ್ಮೆಗೇ ಬಿಗಿಯದೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಎಲ್ಲ ಕಡೆಯೂ ಸಮನಾಗಿ ಬ್ಯೂಟೈಲ್ ಹೊರಕ್ಕೆ ಉಬ್ಬಿಬಂದರೆ ಸಂದು ತುಂಬಿತೆಂದು ಅರ್ಥ. ಒಂದೆರಡು ಬಿಸಿಲಿನ ದಿನಗಳ ಅನಂತರ ಮೇಣ ಮೆತ್ತಗಾಗಿ ಹರಡಿಕೊಳ್ಳುವುದರಿಂದ ಮೊಳೆಗಳನ್ನು ಮತ್ತೊಮ್ಮೆ ಬಿಗಿದು, ಉಬ್ಬಿದ ಭಾಗವನ್ನು ಕತ್ತರಿಸಬೇಕು. ಪ್ರತಿಯೊಂದು ಮೊಳೆಯೂ ತಗಡಿನಲ್ಲೊಂದು ತೂತೆಂಬುದನ್ನು ಮರೆಯಬಾರದು. ಅದರ ಕತ್ತಿನ ಸುತ್ತಲೂ ಮೇಣವಿರಬೇಕು. ನಡುವೆ ಪೊಳ್ಳಾಗಿರುವ ರಿವೆಟ್ಟುಗಳ ರಂಧ್ರವನ್ನೂ ಮುಚ್ಚಬೇಕು. ಅಲ್ಯೂಮಿನಿಯಂ ಉಕ್ಕನ್ನು ಸಂಧಿಸುವಲ್ಲಿ ಅವೆರಡೂ ನೇರವಾಗಿ ತಾಗದಂತೆ ನಡುವೆ ಬಣ್ಣವನ್ನೋ ವಿದ್ಯುತ್ತನ್ನು ಹಾಯಗೊಡದ ಪಟ್ಟಿಯನ್ನೋ ಇಡಬೇಕು.

ನಾಲ್ಕನೆಯದು ನೀರಿಗೆ ದಾರಿ ಬಿಡುವುದು. ಕಿಟಕಿಯ ಮೇಲಂಚು ಮತ್ತು ಪಕ್ಕಗಳ ಹೊರಗಡೆ ಸೀಲೆಂಟಿನ ಗೆರೆಯನ್ನು ಎಳೆಯಬಹುದು. ಆದರೆ ಕೆಳಗಿನ ಚೌಕಟ್ಟಿನಲ್ಲಿ ನೀರು ಬಸಿದುಹೋಗಲೆಂದು ಕೊರೆದಿರುವ ಚಿಕ್ಕ ತೂತುಗಳನ್ನು ಎಂದಿಗೂ ಮುಚ್ಚಬಾರದು. ಹೇಗೋ ಒಳಹೊಕ್ಕ ನೀರಿಗೆ ಅವೇ ಹೊರದಾರಿ. ಬಾಗಿಲು ಕಿಟಕಿಗಳ ಮೇಲೆ ಸೂರಿನಂತೆ ಚಾಚಿದ ಸಣ್ಣ ಪಟ್ಟಿಯೊಂದಿದ್ದರೆ ನೀರು ಸಂದನ್ನು ತಲುಪುವ ಮೊದಲೇ ತೊಟ್ಟಿಕ್ಕಿ ಬೀಳುತ್ತದೆ.

ಪರೀಕ್ಷೆ

ಕೆಲಸ ಮುಗಿದ ಮೇಲೆ ಮಳೆಗಾಗಿ ಕಾಯಬೇಕಾಗಿಲ್ಲ. ತೋಟಕ್ಕೆ ನೀರು ಬಿಡುವ ಕೊಳವೆಯಿಂದ ಬಂಡಿಯ ಮೇಲೆ ನೀರು ಹರಿಸಿ, ಒಬ್ಬರು ಒಳಗೆ ಕುಳಿತು ದೀಪ ಹಿಡಿದು ನೋಡುತ್ತಾರೆ. ನೀರನ್ನು ಕೆಳಗಿನಿಂದ ಆರಂಭಿಸಿ ಕ್ರಮವಾಗಿ ಮೇಲಕ್ಕೆ ಒಯ್ಯುವುದು ಸರಿಯಾದ ವಿಧಾನ. ಮೊದಲೇ ಛಾವಣಿಯ ಮೇಲೆ ಸುರಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು, ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಇನ್ನೊಂದು ಉಪಾಯವುಂಟು: ಗಾಳಿಯಂತ್ರದಿಂದ ಬಂಡಿಯೊಳಕ್ಕೆ ಗಾಳಿಯನ್ನು ತುಂಬಿ ಒತ್ತಡವನ್ನು ಕೊಂಚ ಏರಿಸಿ, ಹೊರಗಿನಿಂದ ಸಂದುಗಳಿಗೆಲ್ಲ ಸಾಬೂನಿನ ನೀರನ್ನು ಸವರುವುದು. ಎಲ್ಲಿ ಗುಳ್ಳೆ ಏಳುತ್ತದೆಯೋ ಅಲ್ಲಿ ದಾರಿಯಿದೆ. ಸೈಕಲ್ಲಿನ ಟ್ಯೂಬಿನಲ್ಲಿ ತೂತನ್ನು ಹುಡುಕುವ ಅಂಗಡಿಯವನು ಮಾಡುವುದೂ ಇದನ್ನೇ.

ಒಳಗಿನಿಂದ ಬರುವ ಮಳೆ

ಇಷ್ಟೆಲ್ಲ ಆದ ಮೇಲೆಯೂ ಚಳಿಗಾಲದ ಬೆಳಗ್ಗೆ ಗೋಡೆ ಒದ್ದೆಯಾಗಿರುವುದನ್ನು ಕಂಡು ಕೆಲವರು ಬೆರಗಾಗುತ್ತಾರೆ. ಆ ನೀರು ಹೊರಗಿನಿಂದ ಬಂದದ್ದಲ್ಲ. ನಿದ್ರಿಸುವ ಒಬ್ಬ ಮನುಷ್ಯನು ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಸುಮಾರು ೪೦ ಗ್ರಾಂ ನೀರನ್ನು ಆವಿಯಾಗಿ ಬಿಡುತ್ತಾನೆ. ನಾಲ್ವರು ಎಂಟು ಗಂಟೆ ಮಲಗಿದರೆ ಅದು ಒಂದೂಕಾಲು ಕಿಲೋಗ್ರಾಮನ್ನು ಮೀರುತ್ತದೆ. ೨೦ ಘನಮೀಟರ್ ಗಾತ್ರದ ಬಂಡಿಯ ಗಾಳಿಯು ೨೦ ಡಿಗ್ರಿ ಉಷ್ಣತೆಯಲ್ಲಿ ಹಿಡಿದಿಡಬಲ್ಲ ಆವಿಯು ಸುಮಾರು ೩೫೦ ಗ್ರಾಂ ಮಾತ್ರ. ಉಳಿದದ್ದಕ್ಕೆ ಹೊರದಾರಿ ಇಲ್ಲದಿದ್ದರೆ ಅದು ತಣ್ಣನೆಯ ತಗಡಿನ ಮೇಲೆ ಇಬ್ಬನಿಯಾಗಿ ಕೂಡುತ್ತದೆ. ಅಲ್ಲಿಂದ ಹರಿದು ಮತ್ತೆ ನೆಲದ ಅಂಚನ್ನೇ ಸೇರುತ್ತದೆ. ಸಂದುಗಳನ್ನು ಚೆನ್ನಾಗಿ ಮುಚ್ಚಿದಷ್ಟೂ ಗಾಳಿಗಂಡಿಯನ್ನು ತೆರೆದಿಡುವ ಅವಶ್ಯಕತೆ ಹೆಚ್ಚುತ್ತದೆ.

ಸಂದಿನ ಮೇಣ ಎಂದೋ ಒಂದು ದಿನ ಸೋಲುತ್ತದೆ. ಬಿಸಿಲು ಅದನ್ನು ಕೆಡಿಸುತ್ತದೆ, ರಸ್ತೆಯ ಕುಲುಕಾಟ ಅದನ್ನು ಹರಿಯುತ್ತದೆ. ಅಂದು ಬಂಡಿಯನ್ನು ಕಾಪಾಡುವುದು ಮೇಲಿನ ತಗಡು ಕೆಳಗಿನದನ್ನು ಮುಚ್ಚಿರುವ ರೀತಿ, ಕಿಟಕಿಯ ಕೆಳಗೆ ಬಿಟ್ಟ ತೂತು, ಒಳಗಿನ ಗಾಳಿಯ ಸಂಚಾರ. ಆದುದರಿಂದ ಒಳ್ಳೆಯ ಕೆಲಸಗಾರನು ನೀರು ಒಳಬರದಂತೆ ಎಷ್ಟು ಶ್ರಮಿಸುತ್ತಾನೋ, ಬಂದ ನೀರು ಹೊರಹೋಗುವಂತೆಯೂ ಅಷ್ಟೇ ಶ್ರಮಿಸುತ್ತಾನೆ. ವರ್ಷಕ್ಕೊಮ್ಮೆ ಪ್ರತಿಯೊಂದು ಸಂದನ್ನೂ ತಪ್ಪದೆ ನೋಡುತ್ತಾನೆ. ಆತನ ಕೈಯಲ್ಲಿ ಅರುವತ್ತು ವರ್ಷದ ಬಂಡಿಯು ಇನ್ನೂ ಹಲವು ಮಳೆಗಾಲಗಳನ್ನು ಕಾಣಬಲ್ಲದು.